ಕೊಸರು ಕೇಳಲು ಬಾರದವಳ ಸಂತೆ

ನಮ್ಮವರು ಊಟಕ್ಕೆ ಕೂತಾಗ ಹೆಚ್ಚು ಮಾತಾಡುವವರಲ್ಲ. ಆವತ್ತು ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತ, ಉಪ್ಪು ಕೇಳುವ ದನಿಯಲ್ಲಿ, “ಇನ್ನು ದಿನಾ ಹಾಕಿಸೋ ವರ್ತನೆ ಹಾಲು ಅರ್ಧ ಮಾಡಿಬಿಡು. ಈ ಖರ್ಚು ತೂಗಿಸೋಕೆ ಆಗಲ್ಲ” ಎಂದರು.

ಶಿಕಾರಿಪುರಕ್ಕೆ ನಾವು ಬಂದು ವರ್ಷವಾಗಿತ್ತು. ನಮ್ಮವರಿಗೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಸಂಬಳ ಬಂದ ಸಂಜೆಯೇ ಅದನ್ನು ವಾರಗಳಿಗೆ ಹಂಚಿ, ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ ಟ್ರಂಕಿನಲ್ಲಿಡುತ್ತಿದ್ದರು. ಒಂದು ಸಂತೆಗೆ ಒಂದು ಪೊಟ್ಟಣ. ಮುಂದಿನ ಸಂತೆ ಬರುವ ಮೊದಲೇ ಪೊಟ್ಟಣದಲ್ಲಿ ಪತ್ರಿಕೆಯೊಂದೇ ಉಳಿದಿರುತ್ತಿತ್ತು. ಅದಕ್ಕೆ ಅವರು ಹೊಸದಾಗಿ ಬಂದ ನಯಾಪೈಸೆಯನ್ನು ಬೈಯುತ್ತಿದ್ದರು, ಅಂಗಡಿಯವರನ್ನು ಬೈಯುತ್ತಿದ್ದರು. ಈಗ ಹಾಲಿಗೆ ಬಂದಿದ್ದರು.

ಆ ಹಾಲು ಮಗಳದು. ಒಂದೂವರೆ ವರ್ಷದ ಮಗು. ಮಳೆಗಾಲದಲ್ಲಿ ಭೇದಿ ಹತ್ತಿ ಕೈಕಾಲು ಕಡ್ಡಿಯಾಗಿತ್ತು, ಕೆನ್ನೆಯಲ್ಲಿ ಆಗಷ್ಟೇ ಒಂದಿಷ್ಟು ಮಾಂಸ ಮೂಡುತ್ತಿತ್ತು. ಡಾಕ್ಟರು ಹಾಲು ತಪ್ಪಿಸಬೇಡಿ ಎಂದಿದ್ದರು.

“ಹಾಲೊಂದು ಬಿಡಿ. ಬೇರೆ ಎಲ್ಲಾದರೂ ಕಡಿಮೆ ಮಾಡ್ತೀನಿ” ಎಂದೆ.

“ಎಲ್ಲಿ ಮಾಡ್ತೀಯ, ಹೇಳು?”

“ಸಂತೇಲಿ. ಈ ವಾರದಿಂದ ಸಂತೆಗೆ ನಾನು ಹೋಗ್ತೀನಿ.”

ಅವರು ನಕ್ಕ ರಭಸಕ್ಕೆ ಮಜ್ಜಿಗೆ ನೆತ್ತಿಗೇರಿತು. “ನೀನಾ? ಬದನೆಕಾಯಿ ಹತ್ರ ಇಂಗ್ಲಿಷ್ ಮಾತಾಡ್ತೀಯಾ?”

ನಗುವುದಕ್ಕೆ ಅವರಿಗೇನು ಹಕ್ಕಿತ್ತೋ! ಅವರು ಕಚೇರಿ ಮುಗಿಸಿ, ಮಾರುವವರು ಗೋಣಿ ಮಡಚುವ ಹೊತ್ತಿಗೆ ಸಂತೆಗೆ ಕಾಲಿಡುತ್ತಿದ್ದರು. ಆಗ ಎಲ್ಲ ಅಗ್ಗ. ಅಗ್ಗ ಎಂದು ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎನ್ನುವುದು ಮರೆತುಹೋಗುತ್ತಿತ್ತು. ಒಂದು ವಾರ ಚೀಲದ ತುಂಬ ಬದನೆಕಾಯಿ. ಇನ್ನೊಂದು ವಾರ ಬರೀ ಸೌತೆಕಾಯಿ, ಅದೂ ಬೀಜ ಬಲಿತದ್ದು. ಮೂರನೇ ದಿನಕ್ಕೆ ಅರ್ಧ ಕೊಳೆತು, ನಾನು ಮೂಗು ಮುಚ್ಚಿಕೊಂಡು ಹಿತ್ತಲಿಗೆ ಎಸೆದು, ಮೂಲೆ ಅಂಗಡಿಯಿಂದ ಸಂತೆಯ ಎರಡರಷ್ಟು ಬೆಲೆಗೆ ತರಕಾರಿ ತರಿಸುತ್ತಿದ್ದೆ. ಇದನ್ನು ಹೇಳಿದರೆ, “ಅಗ್ಗ ಸಿಕ್ಕಿದ್ದನ್ನ ಬಿಟ್ಟು ಬರೋಕಾಗುತ್ತಾ?” ಎಂದು ನನ್ನನ್ನೇ ಕೇಳುತ್ತಿದ್ದರು.

ಅಂತೂ ಒಪ್ಪಿದರು. “ಒಂದೆರಡು ಸಂತೆ ನೋಡೋಣ. ಉಳಿಸಿದರೆ ಹಾಲು ಇರಲಿ. ಇಲ್ಲದಿದ್ದರೆ ಅರ್ಧ.”

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಂಗಡಿಯಲ್ಲಿ ವಸ್ತುಗಳನ್ನು ಮುಟ್ಟಬಾರದು, ದನಿ ಎತ್ತಬಾರದು, ಏನು ಕೊಟ್ಟರೂ ಥ್ಯಾಂಕ್ಸ್ ಹೇಳಬೇಕು ಎಂದು ಸಿಸ್ಟರುಗಳು ಕಲಿಸಿದ್ದರು. ಮೂರನ್ನೂ ನಾನು ಶ್ರದ್ಧೆಯಿಂದ ಕಲಿತಿದ್ದೆ. ಮೊದಲ ಸಂತೆಯ ದಿನ ಮಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಕೊಡೆ ಹಿಡಿದು, ಸೀರೆಯ ನೆರಿಗೆಗೆ ಕೆಸರು ತಾಗದಂತೆ ಎತ್ತಿಕೊಂಡು, ಬಂದಳಿಕೆ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳ ಮುಂದೆ ನಿಂತೆ. ಅವಳ ಹುರುಳಿಕಾಯಿಯ ಮೇಲೆ ಇನ್ನೂ ಇಬ್ಬನಿ ಇತ್ತು.

“ಏನ್ ಬೇಕ್ರೀ ಅಕ್ಕಾರ?”

ಬೇಕಾದ್ದು ಹೇಳಿದೆ. ಅವಳು ಹೇಳಿದ ಬೆಲೆ ಕೊಟ್ಟೆ. ತೂಗಿ ಚೀಲಕ್ಕೆ ಸುರಿದಳು. ಇನ್ನೊಂದು ಹಿಡಿ ಕಾಯಿ ಎತ್ತಿದ್ದ ಅವಳ ಕೈ ಗಾಳಿಯಲ್ಲಿತ್ತು. ಅಷ್ಟರಲ್ಲಿ ನಾನು “ಥ್ಯಾಂಕ್ಸ್” ಎಂದು ಚೀಲದ ಬಾಯಿ ಮುಚ್ಚಿದೆ. ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದುದನ್ನು ನೋಡಿದಳು, ಮೆಲ್ಲಗೆ ರಾಶಿಗೇ ಹಾಕಿದಳು.

ಮನೆಗೆ ಬಂದರೆ ಅತ್ತೆ ಜಗಲಿಯಲ್ಲಿದ್ದರು. ಅವರು ಇದ್ದದ್ದು ಸೊರಬದಲ್ಲಿ, ಹಿರಿಯ ಮಗನ ಮನೆಯಲ್ಲಿ. ಮೊಮ್ಮಗಳನ್ನು ನೋಡಿಕೊಂಡು ಒಂದಷ್ಟು ದಿನ ಇರೋಣವೆಂದು ಬೆಳಗಿನ ಬಸ್ಸಿಗೆ ಬಂದಿದ್ದರು. ಚೀಲವನ್ನು ಮೊರಕ್ಕೆ ಸುರಿದು, ಕಾಯಿಗಳನ್ನು ಬೆರಳಲ್ಲಿ ಸರಿಸಿ, “ಕೊಸರು ಎಲ್ಲೇ?” ಎಂದರು.

“ಕೊಡಲಿಲ್ಲ ಅತ್ತೆ.”

“ಕೊಡಲಿಲ್ಲವೋ, ನೀನು ನಿಲ್ಲಲಿಲ್ಲವೋ?”

ಥ್ಯಾಂಕ್ಸ್ ಹೇಳಿದ್ದನ್ನು ಬಾಯಿಬಿಟ್ಟೆ. ಅತ್ತೆ ಮೊರ ಕೆಳಗಿಟ್ಟರು. “ಎಂತ ಮಾರಾಯ್ತಿ! ಅದು ಅವಳಿಗೆ, ಸಾಕು, ಇನ್ನು ಬೇಡ ಅಂದ ಹಾಗೆ. ತೂಕ ಆದಮೇಲೆ ಬರೋದೇ ನಮ್ಮ ಲಾಭ. ಅದನ್ನ ಬೇಡ ಅಂದು ಬಂದಿದ್ದೀಯಲ್ಲ?”

ಮುಂದಿನ ಸಂತೆಗೆ ಅವರೇ ನನ್ನ ಜೊತೆ ಹೊರಟರು. ಆ ದಿನ ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಅದೇ ಹೆಂಗಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆಂಡೆಕಾಯಿಯ ತುದಿಗಳನ್ನು ಒಂದೊಂದಾಗಿ ಪಟಪಟನೆ ಮುರಿಯತೊಡಗಿದರು.

“ಎಲ್ಲಾ ಮುರೀಬ್ಯಾಡ್ರೀ ಅಮ್ಮಾರ, ಉಳಿದೋರಿಗೆ ಏನ್ ಮಾರ್ಲಿ?”

“ಇದು ಬೆಂಡೆಕಾಯಾ, ಹಗ್ಗವಾ ಅಂತ ನೋಡಬೇಡವಾ?”

“ಹಗ್ಗ ಆದ್ರ ದನಾ ಕಟ್ಟಾಕ ಒಯ್ರಿ. ದರ ಅಷ್ಟ.”

“ನಿನ್ನ ಗಂಡನ ಮನೆಯವರು ನಿನ್ನ ಹೇಗೆ ಬಾಳಿಸ್ತಾರೇ?”

“ಹಿಂಗ ಸಂತಿಗೆ ಕಳಿಸಿ ಬಾಳಿಸ್ತಾರ. ಮನ್ಯಾಗ ಬಾಯಿ ತಡಕಳಾಕ ಆಗಲ್ಲಂತ.”

ಅತ್ತೆ ಗಹಗಹಿಸಿ ನಕ್ಕರು, ಅವಳೂ ನಕ್ಕಳು. ಬೆಲೆ ಇಳಿಯಿತು. ತೂಕದ ಮೇಲೆ ಒಂದು ಹಿಡಿ ಬಿತ್ತು. ಅತ್ತೆ ಏಳಲಿಲ್ಲ. ಇನ್ನೊಂದು ಹಿಡಿ. ಕೊನೆಗೆ ಎರಡು ಕಟ್ಟು ಕೊತ್ತಂಬರಿಯನ್ನು ತಾವೇ ಎತ್ತಿ ಹಾಕಿಕೊಂಡು ಎದ್ದರು. ನಾನು ಕೊಡೆಯ ಮರೆಯಲ್ಲಿ ನಿಂತಿದ್ದೆ.

ತರಕಾರಿಯಲ್ಲಿ ಉಳಿಯಿತು, ನಿಜ. ಆದರೆ ಸಂತೆಯಿಂದ ಆಚೆ ಬರುವ ಹೊತ್ತಿಗೆ ಬಳ್ಳಿಗಾವಿಯ ನೆಂಟರೊಬ್ಬರು ಸಿಕ್ಕರು. “ಬಾರೋ, ಮಗನ ಮನೆ ಇಲ್ಲೇ ಇದೆ. ಒಂದು ಲೋಟ ಕಾಫಿ ಕುಡಿದು ಹೋಗು” ಎಂದರು ಅತ್ತೆ. ಹತ್ತು ಹೆಜ್ಜೆಗೆ ಇನ್ನಿಬ್ಬರು. ಬಸ್ ಸ್ಟ್ಯಾಂಡಿನ ಹತ್ತಿರ ಸೊರಬದ ಕಡೆಯವರು ಮೂರು ಜನ. ನಮ್ಮ ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಕಾಫಿಪುಡಿ ಮುಗಿಯಿತು, ಸಕ್ಕರೆ ಡಬ್ಬಿಯ ತಳ ಕೆರೆದೆ. ಮಗಳ ಹಾಲೆಲ್ಲ ಕಾಫಿ ಪಾತ್ರೆಗೆ ಹೋಯಿತು; ಸಂಜೆ ಅವಳಿಗೆ ಕುಡಿಸಿದ್ದು ನೀರಿಗೆ ಹಾಲಿನ ಬಣ್ಣ ಬಂದಿದ್ದ ಏನೋ ಒಂದು. ಕೊಸರಿನಲ್ಲಿ ಬಂದದ್ದು ಒಂದು ಹಿಡಿ. ಕಾಫಿಯಲ್ಲಿ ಹೋದದ್ದನ್ನು ನಾನು ಲೆಕ್ಕ ಹಾಕಲೇ ಇಲ್ಲ, ಹಾಕಿದ್ದರೆ ಅತ್ತುಬಿಡುತ್ತಿದ್ದೆ.

ಆ ವಾರ ಪೊಟ್ಟಣ ಇನ್ನೂ ಬೇಗ ಬರಿದಾಯಿತು. ನಮ್ಮವರು ನನ್ನನ್ನು ಕೇಳಲೂ ಇಲ್ಲ. ಬೆಳಿಗ್ಗೆ ಹಾಲಿನವಳು ಬಂದಾಗ ತಾವೇ ಬಾಗಿಲಿಗೆ ಹೋಗಿ, “ನಾಳೆಯಿಂದ ಅರ್ಧ ಹಾಕು” ಎಂದು ಬಂದರು. ಅತ್ತೆ ಆಗ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದರು. ಅವರಿಗೆ ಇದೊಂದೂ ತಿಳಿಯಲಿಲ್ಲ. ನಾನೂ ಹೇಳಲಿಲ್ಲ. ಅತ್ತೆಯ ಹತ್ತಿರ ಮಗನ ಮೇಲೆ ದೂರು ಹೇಳುವುದು ನನಗೆ ಬರುತ್ತಿರಲಿಲ್ಲ. ಆದರೆ ಕಡಿಮೆಯಾದ ಅರ್ಧ ಮಗಳದೋ, ಕಾಫಿಯದೋ ಎನ್ನುವುದನ್ನು ಮಾತ್ರ ಒಲೆಯ ಮುಂದೆ ನಿಂತು ನಾನೇ ತೀರ್ಮಾನಿಸಿದೆ.

ಮರುಸಂತೆಗೆ ಅತ್ತೆಗೆ ಮಂಡಿನೋವು. ಒಬ್ಬಳೇ ಹೋದೆ. ಥ್ಯಾಂಕ್ಸ್ ಹೇಳಬಾರದೆಂದು ದಾರಿಯುದ್ದಕ್ಕೂ ತುಟಿ ಕಚ್ಚಿಕೊಂಡಿದ್ದೆ. ಬಂದಳಿಕೆಯವಳು ತೂಗಿ ಸುರಿದಳು. “ಕೊಸರು” ಎನ್ನಲು ಬಾಯಿ ತೆರೆದೆ, ದನಿ ಬರಲಿಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದು ಸುಮ್ಮನೆ ನಿಂತೆ. ಒಂದು ಹಿಡಿ ಹಾಕಿದಳು. ನಾನು ಕದಲಲಿಲ್ಲ. ಕಾಲು ಏಳಲಿಲ್ಲ ಎಂದರೂ ಸರಿ.

“ಸಾಕಾತ್ರೀ?”

ನಾನು ಅವಳನ್ನೇ ನೋಡಿದೆ.

“ಅಯ್ಯ ನನ್ನಪ್ಪ, ಮಾತಾಡ್ರಿ ಅಕ್ಕಾರ! ನಿಮ್ಮತ್ತಿ ಬೈದ್ರ ನಾನೂ ಬೈತೀನಿ. ನೀವು ಹಿಂಗ ನಿಂತ್ರ ನಾ ಏನ್ ಮಾಡ್ಲಿ?” ಎಂದು ಇನ್ನೆರಡು ಹಿಡಿ ಹಾಕಿ, ಮೇಲೊಂದು ನಿಂಬೆಹಣ್ಣು ಇಟ್ಟು, ಕೈಮುಗಿದಳು.

ಮನೆಗೆ ಎಷ್ಟು ಹುರುಪಿನಿಂದ ಬಂದೆ! ಬಂದರೆ ಜಗಲಿಯ ತುಂಬ ಚಪ್ಪಲಿ. ಹೋದ ವಾರ ಬಂದವರು ಇನ್ನಿಬ್ಬರನ್ನು ಕರೆದುಕೊಂಡು ಬಂದಿದ್ದರು. ಊಟದ ಬಿಡುವಿಗೆ ಬಂದ ನಮ್ಮವರು ನಡುವೆ ಕೂತು, ನನ್ನನ್ನು ಕಂಡ ಕೂಡಲೇ, “ಎಲ್ಲರಿಗೂ ಕಾಫಿ ಮಾಡೇ” ಎಂದರು.

ಮಾಡಿದೆ. ಬೆಲ್ಲ ಹಾಕಿ ಕುದಿಸಿದ ಕಪ್ಪು ಕಾಫಿಯನ್ನು ಲೋಟಗಳಿಗೆ ಬಗ್ಗಿಸಿ ತಂದಿಟ್ಟೆ.

ಬಳ್ಳಿಗಾವಿಯವರು ಲೋಟದೊಳಗೆ ಇಣುಕಿದರು. “ಏನೋ ಗುಮಾಸ್ತ, ನಿಮ್ಮ ಕಚೇರೀಲಿ ಉಳಿದ ಶಾಯಿ ಮನೆಗೆ ತರ್ತೀಯೇನೋ?”

ಎಲ್ಲರೂ ನಕ್ಕರು. ನಮ್ಮವರ ಮುಖ ಕೆಂಪಾಯಿತು. “ಹಾಲೆಲ್ಲಿ?”

“ಅರ್ಧ ಮಾಡು ಅಂದಿರಲ್ಲ, ರೀ. ಉಳಿದ ಅರ್ಧ ಮಗುವಿಗೆ ಎತ್ತಿಟ್ಟಿದ್ದೀನಿ.”

ನಾನು ಮೆಲ್ಲಗೇ ಹೇಳಿದೆ. ನನಗೆ ಜೋರಾಗಿ ಹೇಳಲು ಬರುವುದೂ ಇಲ್ಲ. ಆದರೆ ಆ ಹೊತ್ತಿಗೆ ನಗು ನಿಂತಿತ್ತು, ಎಲ್ಲರಿಗೂ ಕೇಳಿಸಿತು.

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ನಿಂತರು. “ಮಗೀನ ಹಾಲು ಅರ್ಧ ಮಾಡಿದ್ಯೇನೋ?”

“ಖರ್ಚು ಜಾಸ್ತಿ ಆಗ್ತಿತ್ತು, ಅಮ್ಮ...”

“ಖರ್ಚಂತೆ! ಹಿತ್ತಲಲ್ಲಿ ಕೊಳೆತು ಬಿದ್ದಿರೋ ಆ ಸೌತೆಕಾಯಿ ಗಾಡಿಗಟ್ಟಲೆ ಹೊತ್ತು ತರುವಾಗ ಖರ್ಚು ಕಾಣಲಿಲ್ಲವಾ? ಆ ಕೂಸಿನ ಕೈ ನೋಡಿದ್ದೀಯಾ?”

ತಾವು ಕರೆದ ನೆಂಟರು ಕುಡಿದ ಹಾಲಿನ ಮಾತನ್ನು ಅತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನೆಂಟರು ಕಪ್ಪು ಕಾಫಿಯನ್ನು ಔಷಧಿಯಂತೆ ಗುಟುಕರಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ನಮ್ಮವರು ಕಚೇರಿಗೆ ಹೋಗುವಾಗ ನನ್ನ ಕಡೆ ನೋಡಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನವಳಿಗೆ, “ಮೊದಲಿನ ಹಾಗೇ ಹಾಕು” ಎಂದದ್ದು ಅಡುಗೆಮನೆಗೆ ಕೇಳಿಸಿತು.

ನೆಂಟರು ಊರಿಗೆ ಹೋಗಿ ಏನು ಹೇಳಿದರೋ, ಸೊರಬದಲ್ಲಿ ಕೆಲವು ದಿನ ನಾನು ‘ಶಾಯಿ ಕಾಫಿಯವಳು’ ಆಗಿದ್ದೆನಂತೆ. ಸಂತೆಯ ದಿನ ಜಗಲಿಯಲ್ಲಿ ಚಪ್ಪಲಿ ಕಡಿಮೆಯಾದವು, ಸಕ್ಕರೆ ಡಬ್ಬಿ ವಾರ ತುಂಬುವವರೆಗೂ ಬಂತು. ವರ್ಷವಿಡೀ ಜಾಣತನದಿಂದ ಮಾಡಲಾಗದ್ದನ್ನು ಒಂದು ಅವಮಾನ ಮಾಡಿಕೊಟ್ಟಿತ್ತು. ಸಂತೋಷಪಡಲು ಹೊರಟರೆ ನಾಚಿಕೆಯಾಗುತ್ತಿತ್ತು, ನಾಚಿಕೊಳ್ಳಲು ಹೊರಟರೆ ಪೊಟ್ಟಣದಲ್ಲಿ ಉಳಿದ ನಾಣ್ಯ ಸದ್ದು ಮಾಡುತ್ತಿತ್ತು.

ಇಷ್ಟೆಲ್ಲ ಆದಮೇಲೆ, ಹಾಲು ತುಂಬಿದ ಬೆಳ್ಳಿಲೋಟ ಹಿಡಿದು ಮಗಳ ಮುಂದೆ ಕೂತೆ. ಕೆನೆ ತೆಗೆದು, ಹದವಾಗಿ ಆರಿಸಿ, ಚಿಟಿಕೆ ಸಕ್ಕರೆ ಹಾಕಿ ತಂದಿದ್ದೆ. ಅವಳು ಒಂದು ಗುಟುಕು ಕುಡಿದು ಲೋಟ ತಳ್ಳಿದಳು. ಬಾಯಿ ಒರೆಸಿಕೊಂಡು ಅಜ್ಜಿಯ ಕಡೆ ತೆವಳಿ ಹೋಗಿ, ಅವರ ಕೈಯಲ್ಲಿದ್ದ ಕಾಫಿ ಬಟ್ಟಲಿಗೆ ಬೆರಳು ತೋರಿಸಿ, “ಕಾಪಿ” ಎಂದಳು. ಅತ್ತೆ ಒಮ್ಮೆ ನನ್ನ ಮುಖ ನೋಡಿ, ಬಟ್ಟಲನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು.