ದೇವರ ಮನೆಯ ಸರ್ವರ್

ನಮ್ಮ ಮನೆಯ ಸರ್ವರ್ ಇರುವುದು ದೇವರ ಮನೆಯಲ್ಲಿ. ಭಕ್ತಿಯಿಂದ ಇಟ್ಟದ್ದಲ್ಲ. ಕರೆಂಟು ಹೋದಾಗಲೂ ದೇವರ ಮುಂದಿನ ಪುಟ್ಟ ಬಲ್ಬು ಆರಬಾರದೆಂದು ನಮ್ಮ ಯಜಮಾನರು ಯುಪಿಎಸ್ ಲೈನನ್ನು ಅಲ್ಲಿಗೆ ಮಾತ್ರ ಎಳೆಸಿದ್ದಾರೆ. ಹೊರಗೆ ಹಾಲ್‌ನಲ್ಲಿ ಕುಳಿತ ಮನುಷ್ಯರು ಬೀಸಣಿಗೆ ಹುಡುಕಿಕೊಳ್ಳಬೇಕು. ಹಾಗಾಗಿ ಹಳೆಯ ಕಂಪ್ಯೂಟರಿಗೆ ಎರಡು ಹಾರ್ಡ್ ಡಿಸ್ಕ್ ಸೇರಿಸಿ ನಾನು ಮಾಡಿಕೊಂಡ ಪೆಟ್ಟಿಗೆಯನ್ನೂ ಅಲ್ಲೇ, ದೇವರ ಪಟಗಳ ಹಿಂದೆ ಕೂರಿಸಿದೆ. ಮನೆಯವರ ಫೋಟೊ, ವಿಡಿಯೊ, ಶಾಲೆಯ ನೋಟ್ಸು ಎಲ್ಲ ಅದರೊಳಗೆ. ಫೋನಿನಲ್ಲಿ ಒಂದು ಆ್ಯಪ್ ಒತ್ತಿದರೆ ಎಲ್ಲಿ ಕುಳಿತಿದ್ದರೂ ತೆಗೆದು ನೋಡಬಹುದು. ನಾನು ಪಾಠ ಮಾಡುವ ಮಾಲೂರಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಒಮ್ಮೆ ಹಾಗೆ ತೆರೆದು ತೋರಿಸಿ, ಹಿಂದಿ ಮೇಷ್ಟರಿಂದ ಭೇಷ್ ಅನ್ನಿಸಿಕೊಂಡಿದ್ದೆ. ಆಮೇಲೆ ಹೊರಗಿನಿಂದ ತೆರೆಯುವ ಸಂದರ್ಭ ಬರಲಿಲ್ಲ. ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ಒತ್ತುತ್ತಿದ್ದೆ, ತೆರೆಯುತ್ತಿತ್ತು. ಅದನ್ನೇ ಪರೀಕ್ಷೆ ಎಂದುಕೊಂಡಿದ್ದೆ.

ಮೇ ತಿಂಗಳ ಒಂದು ಭಾನುವಾರ ಆವಕಾಯಿ ಉಪ್ಪಿನಕಾಯಿ ಹಾಕಲು ಶ್ರೀನಿವಾಸಪುರದ ತಂಗಿಯ ಮನೆಗೆ ಹೋದೆ. ಹಿಂದಿನ ವರ್ಷ ಅವಳು ಅಂದಾಜಿನಲ್ಲಿ ಹಾಕಿದ ಜಾಡಿ ತಿಂಗಳೊಳಗೆ ಬೂಷ್ಟು ಹಿಡಿದಿತ್ತು. ಅದೇ ಕಾಂಪೌಂಡಿನಲ್ಲಿರುವ ಅವಳ ವಾರಗಿತ್ತಿ ಅದನ್ನು ಬಂದವರಿಗೆಲ್ಲ ಹೇಳಿದ್ದಳು, "ಪಾಪ, ತಾಯಿ ಇಲ್ದೋಳು, ಯಾರು ಕಲಿಸ್ಬೇಕು" ಎಂದು ಕನಿಕರವನ್ನೂ ಕಲಸಿ. ತಂಗಿಗೆ ಬೂಷ್ಟಿಗಿಂತ ಆ ಕನಿಕರ ಹೆಚ್ಚು ಉರಿದಿತ್ತು. ಈ ಸಲ ಅಮ್ಮನ ಅಳತೆಯಲ್ಲೇ ಹಾಕಿ, ಮೊದಲ ಬಾಟ್ಲಿ ವಾರಗಿತ್ತಿಯ ಮುಂದೆಯೇ ಇಡಬೇಕೆಂದು ಹಠ ಹಿಡಿದಿದ್ದಳು. ಅಮ್ಮ ಹೋಗುವ ಮುಂಚಿನ ಬೇಸಿಗೆಯಲ್ಲಿ ಆವಕಾಯಿ ಹಾಕಿದ್ದನ್ನು ನಾನು ವಿಡಿಯೊ ಮಾಡಿದ್ದೆ. "ನೀನು ಕಾಯಿ ಹೆಚ್ಚಿಸಿಡು ಸಾಕು, ಅಳತೆ ನನ್ನ ಪೆಟ್ಟಿಗೆಯಲ್ಲಿದೆ" ಎಂದು ಫೋನಿನಲ್ಲಿ ಹೇಳಿದವಳೂ ನಾನೇ.

ಹೋಗುವಷ್ಟರಲ್ಲಿ ನಾಲ್ಕು ಸೇರು ಮಾವಿನ ಹೋಳು ಬಿಳಿ ಪಂಚೆಯ ಮೇಲೆ ಒರೆಸಿಕೊಂಡು ಕಾದಿದ್ದವು. ಸಂಜೆಯೊಳಗೆ ಉಪ್ಪು ಖಾರ ಬೀಳದಿದ್ದರೆ ಮೆತ್ತಗಾಗಿ ಕೆಡುತ್ತವೆ. ಊಟ ಮುಗಿಸಿ, ಸೆರಗು ಸಿಕ್ಕಿಸಿಕೊಂಡು, ಆ್ಯಪ್ ಒತ್ತಿದೆ. ಚಕ್ರ ತಿರುಗಿತು, ತಿರುಗಿತು, ಸಂಪರ್ಕ ಆಗಲಿಲ್ಲ ಎಂದಿತು. ಫೋನ್ ಆರಿಸಿ ಹಚ್ಚಿದೆ. ಮಹಡಿ ಹತ್ತಿದೆ. ಶಾಲೆಯ ಗ್ರೂಪಿನಲ್ಲಿ ಯಾರೋ ಕಳಿಸಿದ ಗುಲಾಬಿ ಹೂವಿನ ಶುಭೋದಯ ಮಧ್ಯಾಹ್ನ ಎರಡು ಗಂಟೆಯಲ್ಲೂ ಸಲೀಸಾಗಿ ಬಂದು ಬಿತ್ತು. ಅಂದರೆ ತೊಂದರೆ ಇಲ್ಲಿಯದಲ್ಲ, ಕೋಲಾರದ ನಮ್ಮ ಮನೆಯದು.

ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ವಾರಗಿತ್ತಿ ತಲೆಯೆತ್ತದೆ ಕೇಳಿದಳು, "ಏನಕ್ಕಾ, ನಿಮ್ಮಮ್ಮನ ಅಳತೆ ಬಸ್ ಮಿಸ್ ಮಾಡ್ಕೊಂತಾ?"

"ಬರತ್ತಮ್ಮ, ಬರತ್ತೆ."

"ಬರ್ಲಿ ಬರ್ಲಿ. ಹೋಳು ಕಾಯ್ತವೆ, ಅವಕ್ಕೇನು ಕೆಲ್ಸ."

ಯಜಮಾನರಿಗೆ ಅಂದು ವೇಮಗಲ್ ಫ್ಯಾಕ್ಟರಿಯಲ್ಲಿ ಶಿಫ್ಟು. ಅಲ್ಲಿ ಫೋನನ್ನು ಗೇಟಿನಲ್ಲೇ ಒಪ್ಪಿಸಬೇಕು. ಮನೆಯ ಬೀಗದ ಕೈ ಪಕ್ಕದ ಮನೆಯಾಕೆಯ ಹತ್ತಿರ. ನನಗಿಂತ ಹತ್ತು ವರ್ಷ ದೊಡ್ಡವರು. ಫೋನ್ ಮಾಡಿದೆ. ಪಾಪ, ತಕ್ಷಣ ಬಾಗಿಲು ತೆಗೆದರು.

"ದೇವರ ಮನೆಗೆ ಹೋಗಿ ಅಕ್ಕಾ, ಪಟದ ಹಿಂದಿರೋ ಪೆಟ್ಟಿಗೇಲಿ ದೀಪ ಉರೀತಿದೆಯಾ ನೋಡಿ."

"ಆಗಲ್ಲ ಟೀಚರಮ್ಮ. ಈಗ್ತಾನೆ ಕೋಳಿ ಸಾರು ಉಂಡಿದೀನಿ."

ನಮ್ಮ ಮನೆಯ ಪದ್ಧತಿಯೂ ಅದೇ. ಭಾನುವಾರ ಊಟವಾದ ಮೇಲೆ ಯಜಮಾನರನ್ನು ನಾನೇ ಎಷ್ಟೋ ಸಲ ಆ ಹೊಸಿಲಿನಿಂದ ವಾಪಸ್ ಕಳಿಸಿದ್ದೇನೆ.

"ಸ್ನಾನ ಮಾಡ್ಕೊಂಡು..."

"ನೀರೆಲ್ಲಿದೆ? ನಲ್ಲಿ ಬಂದು ಒಂಬತ್ತು ದಿನ ಆಯ್ತು. ಎರಡು ಕೊಡ ಇದೆ, ಕುಡಿಯಕ್ಕೆ."

"ನಾನೇ ಹೇಳ್ತಿದೀನಲ್ಲ ಅಕ್ಕಾ, ಪರವಾಗಿಲ್ಲ ಹೋಗಿ."

"ನೀವು ಹೇಳ್ತೀರ. ಒಳಗಿರೋನು ಹೇಳ್ಬೇಕಲ್ಲ."

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ತಂಗಿ ಸಿಡುಕಿದಳು. "ಫೋನೇನು ಕೋಳಿ ತಿಂದಿದೆಯಾ? ಅದನ್ನ ಒಳಕ್ಕೆ ಕಳಿಸಕ್ಕೆ ಹೇಳು."

ಈ ನ್ಯಾಯ ಪಕ್ಕದ ಮನೆಯಾಕೆಗೂ ಒಪ್ಪಿಗೆಯಾಯಿತು. ಜೇಡರ ಬಲೆ ಹೊಡೆಯುವ ಕೋಲಿನ ತುದಿಗೆ ತಮ್ಮ ಫೋನನ್ನು ರಿಬ್ಬನ್ನಿನಲ್ಲಿ ಕಟ್ಟಿ, ವಿಡಿಯೊ ಕಾಲ್ ಮಾಡಿ, ಹೊಸಿಲಾಚೆ ನಿಂತು ಕೋಲನ್ನು ಒಳಗೆ ಚಾಚಿದರು. ತಂಗಿಯೂ ನಾನೂ ತಲೆಗೆ ತಲೆ ತಾಗಿಸಿ ನೋಡಿದೆವು. ಮೊದಲು ಗಣಪತಿಯ ಹೊಟ್ಟೆ ಇಡೀ ತೆರೆ ತುಂಬಿತು. ಆಮೇಲೆ ಎಣ್ಣೆ ಬಾಟ್ಲಿ. ಲಕ್ಷ್ಮಿ ತಲೆಕೆಳಗಾಗಿ ಹಾದುಹೋದಳು. "ಇನ್ನೂ ಹಿಂದಕ್ಕೆ ಅಕ್ಕಾ, ಸ್ವಲ್ಪ ಎಡಕ್ಕೆ" ಎನ್ನುತ್ತಿದ್ದೆ. ಪಟದ ಹಿಂದೆ, ಜೇಡರ ಬಲೆಯ ನಡುವೆ, ಪೆಟ್ಟಿಗೆಯ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಹಾಲಿನ ರೌಟರ್ ತೋರಿಸಿದರು, ಅಲ್ಲೂ ಎಲ್ಲ ಹಸಿರು.

"ನಿಮ್ಮ ಫೋನಲ್ಲಿ ನೆಟ್ ಎಷ್ಟು ಚೆನ್ನಾಗಿದೆ ಅಕ್ಕಾ" ಎಂದೆ, ಸೋತ ದನಿಯಲ್ಲಿ.

"ನಿಮ್ದೇ ಅಲ್ವಾ ಟೀಚರಮ್ಮ. ನಮ್ಮನೇಗೂ ಬರತ್ತೆ. ನಿಮ್ಮನೆಯವರೇ ಹಾಕ್ಕೊಟ್ರಲ್ಲ, ಹೋದ್ ವರ್ಷ."

ವೈಫೈ ಪಾಸ್‌ವರ್ಡನ್ನು ನನ್ನ ಸ್ವಂತ ಅತ್ತಿಗೆಗೂ ಹೇಳದೆ ಕಾಪಾಡಿಕೊಂಡು ಬಂದವಳು ನಾನು. ಆ ಲೆಕ್ಕವನ್ನು ಸಂಜೆಗೆ ಎತ್ತಿಟ್ಟು ಯೋಚಿಸಿದೆ. ಪೆಟ್ಟಿಗೆ ಸರಿ, ನೆಟ್ ಸರಿ. ಹಾಗಿದ್ದರೆ ನಾನು ತಟ್ಟುತ್ತಿರುವುದೇ ಬೇರೆ ಮನೆಯ ಬಾಗಿಲು.

"ಕರೆಂಟ್ ಹೋಗಿತ್ತಾ ಅಕ್ಕಾ?"

"ಬೆಳಿಗ್ಗೆಯಿಂದ ಎರಡು ಸಲ."

ಸರಿಹೋಯಿತು. ಯುಪಿಎಸ್ ದೇವರಿಗುಂಟು, ಹಾಲಿನ ರೌಟರಿಗಿಲ್ಲ. ಕರೆಂಟು ಹೋಗಿ ಬಂದಾಗ ರೌಟರ್ ಹೊಸದಾಗಿ ಏಳುತ್ತದೆ, ಇಂಟರ್ನೆಟ್ಟಿನಲ್ಲಿ ನಮ್ಮ ಮನೆಯ ವಿಳಾಸವಾಗಿ ಬೇರೆ ಅಂಕಿಗಳು ಸಿಗುತ್ತವೆ. ಅದೂ ಮನೆ ನಂಬರಿನಂತೆ ಗೋಡೆಗೆ ಬರೆದದ್ದು ಎಂದುಕೊಂಡು, ಸ್ಟಾಫ್ ರೂಮಿನ ಕಾಲದ ಅಂಕಿಗಳನ್ನೇ ಫೋನಿನಲ್ಲಿ ಇಟ್ಟುಕೊಂಡಿದ್ದೆ. ಮಹಡಿಯ ಮೇಲೆ ತೆರೆದುಕೊಳ್ಳುತ್ತಿದ್ದದ್ದು ಮನೆಯೊಳಗಿನ ವೈಫೈಯಲ್ಲೇ ಹೋಗಿ ಬರುತ್ತಿದ್ದರಿಂದ.

ವಿಳಾಸ ತೋರಿಸುವ ಲಿಂಕ್ ಒಂದನ್ನು ಆಕೆಗೆ ಕಳಿಸಿ, ಒತ್ತಿ ಓದಿ ಎಂದೆ. ನಮ್ಮ ವೈಫೈ ಕದ್ದು ಕುಡಿಯುತ್ತಿದ್ದ ಫೋನು ನಮ್ಮ ಮನೆಯ ವಿಳಾಸವನ್ನೇ ಹೇಳಬೇಕಲ್ಲ. ಅಂಕಿಗಳು ಆಕೆಯ ಬಾಯಲ್ಲಿ ತೆಲುಗಿನಲ್ಲೇ ಬರುವುದು, "ಒಕಟಿ, ತೊಮ್ಮಿದಿ, ಚುಕ್ಕೆ, ತರ್ವಾತ ಏಡು" ಎಂದು. ನನ್ನ ತಲೆಯೊಳಗಿನ ಮಗ್ಗಿಯೂ ತೆಲುಗಿನದೇ ಆದ್ದರಿಂದ ಒಂದೂ ತಪ್ಪದೆ ಬರೆದುಕೊಂಡೆ. ಹೊಸ ಅಂಕಿ ಹಾಕಿ ಒತ್ತಿದೆ. ಅಮ್ಮ ಬಂದಳು.

ಸುಖವಾಗಿ ಬರಲಿಲ್ಲ. ವಿಡಿಯೊದಲ್ಲಿ ನಾನು ಪಾತ್ರೆಯನ್ನು ಬಿಟ್ಟು ಅಮ್ಮನ ಮುಖವನ್ನು ಹಿಡಿದಿದ್ದೆ. "ಎರಡು ಸೇರು ಹೋಳಿಗೆ ಎರಡು ಪಾವು ಖಾರದ ಪುಡಿ, ಎರಡು ಪಾವು ಸಾಸಿವೆ ಪುಡಿ. ಉಪ್ಪು ಮಾತ್ರ ಅರೆಪಾವಲ್ಲಿ ಹಾಕ್ಬೇಕು, ಲೆಕ್ಕ ಏನಂದ್ರೆ" ಎನ್ನುತ್ತಾಳೆ ಅಮ್ಮ. ಅಷ್ಟರಲ್ಲಿ ನನ್ನ ಗಂಟಲು, ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವಂಥದ್ದು: "ಅಮ್ಮಾ, ಈ ಕಡೆ ತಿರುಗು, ಬೆಳಕಿಲ್ಲ."

"ನಿನ್ನ ಬೆಳಕಿಗೆ ಬೆಂಕಿ ಹಾಕ" ಎಂದಳು ತಂಗಿ. ನಾಲ್ಕು ಸಲ ಹಾಕಿದೆವು, ನಾಲ್ಕು ಸಲವೂ ನಾನೇ ಕೂಗಿದೆ. ಐದನೇ ಸಲ ಅವಳು, "ಮಾತು ಬಿಡು. ಭುಜ ನೋಡು" ಎಂದಳು. ಉಪ್ಪು ಮೊಗೆಯುವಾಗ ಅಮ್ಮನ ಬಲಭುಜ ಬಾಗಿ ಏಳುತ್ತಿತ್ತು. ಒಂದು, ಎರಡು, ಮೂರು.

"ನಾಲ್ಕು" ಎಂದಿತು ಬೆನ್ನ ಹಿಂದಿನ ದನಿ. ವಾರಗಿತ್ತಿ ಹುಣಸೆ ಕೈಯಲ್ಲೇ ಬಂದು ನಿಂತಿದ್ದಳು. "ಸರಿಯಾಗಿ ನೋಡೇ. ನಾಲ್ಕು ಸಲ ಬಗ್ಗಿದಾರೆ."

ನನಗೂ ನಾಲ್ಕೇ ಇರಬಹುದೆನಿಸಿತು. ತಂಗಿ ಇನ್ನೊಮ್ಮೆ ನೋಡಿದಳು.

"ನಾಲ್ಕನೇದು ಸೆರಗು ಸರಿ ಮಾಡ್ಕೊಂಡಿದ್ದು. ನಮ್ಮಮ್ಮ ನಂಗೊತ್ತಿಲ್ವಾ" ಎಂದು, ನಮ್ಮಲ್ಲಿ ಹೋಳು ಎರಡರಷ್ಟಿದ್ದುದರಿಂದ ಆರು ಅರೆಪಾವು ಉಪ್ಪು ಸುರಿದು ಕೈ ಹಾಕಿ ಕಲಸಿಬಿಟ್ಟಳು.

ತಿಂಗಳಾದ ಮೇಲೆ ಮೊದಲ ಬಾಟ್ಲಿ ವಾರಗಿತ್ತಿಗೆ ಹೋಯಿತು. ಅದಾಗಿ ಎರಡು ವಾರಕ್ಕೆ, ಶಾಲೆಯ ಬಿಡುವಿನ ಹೊತ್ತಿನಲ್ಲಿ ತಂಗಿಯ ಫೋನು.

"ಬಾಟ್ಲಿ ವಾಪಸ್ ಕಳಿಸಿದಾಳೆ ಕಣಕ್ಕಾ. ಖಾಲಿ. ತೊಳೆದು ಒರೆಸಿ, ಮುಚ್ಚಳ ಸಮೇತ."

"ಏನಂದ್ಳು?"

"ಏನೂ ಅನ್ಲಿಲ್ಲ. ಕಿಟಕೀಲಿ ಇಟ್ಟು ಹೋದ್ಳು."

"ತುಂಬಿಸ್ಕೊಡೇ ಮತ್ತೆ."

"ನಾಲ್ಕು ದಿನ ಹೋಗ್ಲಿ" ಎಂದಳು ತಂಗಿ. "ಬಾಯಿ ಬಿಟ್ಟು ಕೇಳ್ಲಿ."