ಮರಕುಟಿಗದ ಪೊಟರೆಗೆ ಸಿಮೆಂಟು

ಸೀಮಂತ ಮುಗಿದು ಎಷ್ಟೋ ದಿನವಾದರೂ ನಮ್ಮತ್ತೆ ನನ್ನನ್ನು ತವರಿಗೆ ಕಳಿಸಲಿಲ್ಲ. ಚೊಚ್ಚಲ ಹೆರಿಗೆಗೆ ನಾನು ಗುಬ್ಬಿಗೆ ಹೋಗಬೇಕಿತ್ತು. ಅವರು ಮಾತ್ರ ಇವತ್ತು ಮಂಗಳವಾರ, ನಾಳೆ ಅಮಾವಾಸ್ಯೆ, ಆಮೇಲೆ ಬಸ್ಸಿನಲ್ಲಿ ಕುಲುಕಾಟ ಜಾಸ್ತಿ ಎಂದು ಏನಾದರೊಂದು ನೆಪ ಹೇಳುತ್ತಿದ್ದರು. ಐವತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ಅಮೃತೂರಿನ ಹತ್ತಿರದ ತೋಟದ ಮನೆಯಲ್ಲಿ ಇದ್ದದ್ದು ಅತ್ತೆ, ಮೈದುನ, ನಾನು, ಮೂವರೇ. ನಮ್ಮ ಯಜಮಾನರು ತುಮಕೂರಿನ ಶಿರಾ ಗೇಟಿನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. ವಾರಕ್ಕೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ.

ಅತ್ತೆಯ ಹಟಕ್ಕೆ ಕಾರಣ ನಾನಲ್ಲ, ಕೊಟ್ಟಿಗೆಯ ಹಿಂದಿದ್ದ ಒಂದು ತೆಂಗಿನ ಮರ. ಅವರ ಮೊದಲ ಮಗು, ಹೆಣ್ಣು, ಹೆಸರಿಡುವ ಮೊದಲೇ ತೀರಿಕೊಂಡಿತ್ತಂತೆ. ಅದನ್ನು ಅಲ್ಲಿ ಮಣ್ಣು ಮಾಡಿ ಮೇಲೊಂದು ತೆಂಗಿನ ಸಸಿ ಇಟ್ಟಿದ್ದರು. ಆ ಮರದ ಕಾಯಿ ಮನೆಗೆ ಬರುತ್ತಿತ್ತೇ ಹೊರತು ಯಾವತ್ತೂ ಸಂತೆಗೆ ಹೋಗಲಿಲ್ಲ. ನಾನು ಬರುವಷ್ಟರಲ್ಲಿ ಅದರ ಸುಳಿ ಬಾಡಿ, ಕಾಂಡದಿಂದ ಕಂದು ರಸ ಸೋರುತ್ತಿತ್ತು. ಒಳಗೆ ಹುಳು ಸೇರಿತ್ತು. ಆ ಹುಳುವನ್ನು ಅರಸಿಕೊಂಡು ಒಂದು ಜೋಡಿ ಮರಕುಟಿಗ ಬಂದು, ಕಾಂಡ ಕೊರೆದು ಪೊಟರೆ ಮಾಡಿಕೊಂಡವು.

ನನಗೆ ಆ ದಿನಗಳಲ್ಲಿ ಅವನ್ನು ನೋಡುವುದು ಬಿಟ್ಟು ಬೇರೆ ಕೆಲಸ ಕೊಡುತ್ತಿರಲಿಲ್ಲ. ಹಕ್ಕಿ ಚಿನ್ನದ ಬೆನ್ನಿನದು. ಗಂಡಿಗೆ ನೆತ್ತಿಯೆಲ್ಲ ಕುಂಕುಮ ಕೆಂಪು. ಹೆಣ್ಣಿಗೆ ಜುಟ್ಟು ಮಾತ್ರ ಕೆಂಪು, ಹಣೆಯ ಕಡೆ ಕಪ್ಪಿನ ಮೇಲೆ ಬಿಳಿ ಚುಕ್ಕೆ. ಕಾಂಡವನ್ನು ಉಗುರಿನಿಂದ ಹಿಡಿದು, ಬಾಲವನ್ನು ಊರುಗೋಲು ಮಾಡಿಕೊಂಡು, ಜಿಗಿಜಿಗಿದು ಮೇಲೇರುತ್ತಿದ್ದವು. ನಾನು ತಲೆಯೆತ್ತಿದರೆ ಸಾಕು, ಜಾರಿ ಆಚೆ ಬದಿಗೆ ಹೋಗಿ ಇಣುಕುತ್ತಿದ್ದವು. ಹಾರುವಾಗ ಮಾಡುವ ಸದ್ದು ಕುಣಿಗಲ್ಲಿನ ಕುದುರೆಗಳು ಕೆನೆದ ಹಾಗಿರುತ್ತಿತ್ತು. "ಗುಬ್ಬಿ ಊರ್ನೋಳ್ಗೆ ಮರಕುಟ್ಕದ ಮ್ಯಾಲೆ ಕಣ್ಣು" ಎಂದು ಮೈದುನ ನಗುತ್ತಿದ್ದ.

ಆದರೆ ಅವನಿಗೆ ಆ ಹಕ್ಕಿ ಕಂಡರಾಗದು. "ಇದೇ ಕಣವ್ವ ಮರ ಕೊಂದಿದ್ದು. ಗಾಳಿಗೆ ಕೊಟ್ಟಿಗೆ ಮ್ಯಾಲೆ ಬಿದ್ರೆ ದನ ಉಳೀತಾವಾ? ಕಡಿಸ್ಬುಡಾನ" ಎನ್ನುತ್ತಿದ್ದ.

"ಮನೇಲಿ ಬಸ್ರಿ ಅವ್ಳೆ ಕಣ್ಲಾ. ಮರಕ್ಕೆ ಕೊಡ್ಲಿ ಹಾಕೋ ಹಂಗಿಲ್ಲ" ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದರು.

ಬಸುರಿಯಿರುವ ಮನೆಯವರು ಮರ ಕಡಿಯಬಾರದು ಎಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಕಟ್ಟಳೆ. ನಾನು ಬಸ್ಸು ಹತ್ತಿದರೆ ಮಾರನೆಯ ದಿನವೇ ಕೊಡಲಿ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಇದು ಅರ್ಥವಾದ ದಿನ ನನಗೆ ಮೈಯೆಲ್ಲ ಉರಿಯಿತು. ಯಾವತ್ತೋ ಸತ್ತ ಮಗುವಿಗೆ ನನ್ನ ಹೊಟ್ಟೆಯನ್ನು ಕಾವಲಿಟ್ಟಿದ್ದಾರಲ್ಲ ಎಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅಮ್ಮನನ್ನು ನೋಡಬೇಕೆನಿಸುತ್ತಿತ್ತು. ಹೆರಿಗೆಯ ಭಯವೂ ಇತ್ತು.

ಮೈದುನ ಕೊನೆಗೆ ತನ್ನದೇ ದಾರಿ ಹುಡುಕಿದ. ಕಡಿಯಬಾರದು ತಾನೆ, ಮುಚ್ಚಬಹುದಲ್ಲ. ನೀರಿನ ತೊಟ್ಟಿ ಕಟ್ಟಿ ಉಳಿದಿದ್ದ ಸಿಮೆಂಟು ಕಲಸಿ, ಏಣಿ ಹಾಕಿ, ಮರವನ್ನು ಕೈಯಿಂದ ತಟ್ಟಿ ನೋಡಿದ. ಯಾವ ಹಕ್ಕಿಯೂ ಹೊರಗೆ ಬರಲಿಲ್ಲ. ಪೊಟರೆಗೆ ಕಲ್ಲಿನ ಚೂರು ತುರುಕಿ ಮೇಲೆ ಸಿಮೆಂಟು ಮೆತ್ತಿದ. ಅತ್ತೆಯೂ ಸಮಾಧಾನದಿಂದ ನೋಡುತ್ತಾ ನಿಂತಿದ್ದರು. ಅವನು ಏಣಿಯನ್ನು ಅಲ್ಲೇ ಬಿಟ್ಟು, ಮಾರ್ಕೋನಹಳ್ಳಿ ಕಾಲುವೆಯ ನೀರು ತಿರುಗಿಸಲು ಗದ್ದೆಗೆ ಹೋದ.

ಸ್ವಲ್ಪ ಹೊತ್ತಿಗೆ ಗಂಡು ಹಕ್ಕಿ ಬಂದು ಕೆನೆಯತೊಡಗಿತು. ಪೊಟರೆಯಿದ್ದ ಜಾಗದ ಸುತ್ತ ಹಾರಿತು, ಹೋಯಿತು, ಮತ್ತೆ ಬಂತು. ಹುಲ್ಲು ಹಾಕಲು ಕೊಟ್ಟಿಗೆಗೆ ಹೋದ ಅತ್ತೆ ಕೈಯಲ್ಲಿ ಹುಲ್ಲು ಹಿಡಿದುಕೊಂಡೇ ಓಡಿ ಬಂದರು.

"ಒಳ್ಗಿಂದ ಬಡೀತಾ ಅದೆ ಕಣೇ. ಮರದೊಳ್ಗಿಂದ."

ನಾನು ಹೋಗಿ ಕಾಂಡಕ್ಕೆ ಕಿವಿಯಿಟ್ಟೆ. ಟಕ್ ಟಕ್, ಸ್ವಲ್ಪ ತಡೆದು ಮತ್ತೆ ಟಕ್. "ಹೆಣ್ಣು ಹಕ್ಕಿ ಒಳಗೇ ಉಳ್ಕಂಡದೆ ಅತ್ತೆ" ಎಂದೆ. ಹೆಣ್ಣು ಎಂಬ ಮಾತಷ್ಟೇ ಅವರಿಗೆ ಕೇಳಿಸಿತೋ ಏನೋ. ಉಳಿ, ಸುತ್ತಿಗೆ ತಂದು ಸೀರೆ ಎತ್ತಿ ಕಟ್ಟಿದರು. ಹುಟ್ಟಿದಾಗಿನಿಂದ ಏಣಿ ಹತ್ತಿದವರಲ್ಲ. ನಾನು ಏಣಿಯ ಬುಡವನ್ನು ತಬ್ಬಿ ಹಿಡಿದುಕೊಂಡೆ. ಮೇಲಿನಿಂದ ಹಸಿ ಸಿಮೆಂಟು, ಕಲ್ಲು ನನ್ನ ತಲೆಯ ಮೇಲೆ ಬೀಳುತ್ತಿತ್ತು. ಅವರು ಬಿದ್ದರೆ ನಾವು ಮೂವರೂ ಹೋದೆವು ಎಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದೆ.

ಹಕ್ಕಿ ಅವರ ಕೆನ್ನೆಯನ್ನು ಸವರಿಕೊಂಡು ಹಾರಿತು. ಅತ್ತೆ ಇಳಿಯಲಿಲ್ಲ. ಪೊಟರೆಯೊಳಗೆ ಕೈ ಹಾಕಿದರು. ಮೊಣಕೈವರೆಗೂ ಹೋಯಿತು.

"ಮರಿ ಅವೆ. ಬೆಚ್ಚಗವೆ" ಎಂದರು. ಆಮೇಲೆ ಮರದೊಳಗೆ ಕೈಯನ್ನು ಆಚೀಚೆ ಆಡಿಸಿ ತಡಕಿದರು. "ಬಾಕಿ ಏನೂ ಇಲ್ಲ ಕಣವ್ವ. ಎಲ್ಲಾ ಪೊಳ್ಳು. ಬರೀ ಪುಡಿ." ಕೆಳಗಿಳಿದು ಬೆರಳಿಗೆ ಅಂಟಿದ್ದ ಆ ಪುಡಿಯನ್ನು ನೋಡುತ್ತಾ ನೆಲದ ಮೇಲೆ ಕೂತುಬಿಟ್ಟರು. ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಮುಸ್ಸಂಜೆಗೆ ಗಂಡು ಹಕ್ಕಿ ಒಳಗೆ ಹೋಗಿ ಮರಿಗಳ ಜೊತೆ ಉಳಿಯಿತು. ರಾತ್ರಿ ಕಾವಲು ಅಪ್ಪನದೇ ಎಂದು ಆಗ ತಿಳಿಯಿತು. ಬೆಳಿಗ್ಗೆ ಎರಡೂ ಬರಿಗೊಕ್ಕಿನಲ್ಲಿ ಬರುವುದನ್ನು ಕಂಡು ಅತ್ತೆಗೆ ಹೊಸ ಚಿಂತೆ: "ಏನೂ ತರ್ತಾ ಇಲ್ವಲ್ಲೇ, ಸಾಯ್ತಾವೆ." ತಿಂದ ಇರುವೆಯನ್ನು ಗಂಟಲಿನಿಂದ ಕಕ್ಕಿ ಮರಿಗಳಿಗೆ ಕೊಡುತ್ತವೆಂದು ತಿಳಿಯಲು ನಾವಿಬ್ಬರೂ ಕತ್ತು ನೋಯುವಷ್ಟು ನೋಡಬೇಕಾಯಿತು.

ಅವತ್ತು ಅತ್ತೆ ಮಂಗಳವಾರ, ಅಮಾವಾಸ್ಯೆ ಎನ್ನಲಿಲ್ಲ. ನೇರವಾಗಿ ಕೇಳಿದರು: "ಮರಿ ಹಾರೋಗಂಟ ಇರ್ತೀಯೇನವ್ವ? ಆಮ್ಯಾಕೆ ನಾನೇ ಬಸ್ ಹತ್ತಿಸ್ತೀನಿ."

ಇದ್ದೆ. ಮರಿಗಳು ಒಂದೊಂದಾಗಿ ಪೊಟರೆಯ ಬಾಯಿಗೆ ಬಂದು, ಅಂಜಿ ಒಳಸರಿದು, ಒಂದು ದಿನ ಹಾರಿಯೂ ಹೋದವು. ಮಾರನೆಯ ದಿನ ಅತ್ತೆಯೇ ನನ್ನ ಗಂಟು ಹೊತ್ತು ಅಮೃತೂರಿನ ಬಸ್ಸಿನವರೆಗೆ ಬಂದರು.

"ನಾಳೆ ಕಡಿಯಾಕೆ ಹೇಳಿವ್ನಿ" ಎಂದರು.

"ಇರ್ಲಿ ಬಿಡಿ ಅತ್ತೆ. ಬಾಣಂತನ ಮುಗಿಸ್ಕಂಡು ಬರೋವರ್ಗೂ ಇರ್ಲಿ."

"ಯಾತಕ್ಕೆ? ನನ್ ಮಗ್ಳು ಯಾವಾಗ್ಲೋ ಹೋಗವ್ಳೆ. ಅಲ್ಲೇ ಅವ್ಳೆ ಅಂತ ನಾನೇ ಕಾಯ್ಕಂಡು ಕೂತಿದ್ದೆ." ಕಿಟಕಿಯೊಳಗೆ ಕೈ ಹಾಕಿ ನನ್ನ ಹೊಟ್ಟೆ ಮುಟ್ಟಿದರು. "ಒದೀತಾ ಅದಾ?"

"ಬೆಳಗ್ಗೆ ಒದೀತು" ಎಂದೆ. ಬಸ್ಸು ಹೊರಟಿತು. ಮಗು ಮತ್ತೆ ಒದೆಯಲಿ ಎಂದು ಕಾಯುತ್ತಾ, ಕುಣಿಗಲ್ ಬರುವವರೆಗೂ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.