ಹಟ ಮತ್ತು ಹೆಟ್ಟೆ

ಚಹಾ ಬೇಕೋ ಕಾಫಿ ಬೇಕೋ ಎಂದು ಯಾರಾದರೂ ಕೇಳಿದರೆ ನೇರವಾಗಿ ಉತ್ತರಿಸುವ ಶಕ್ತಿ ನನಗೆ ಹುಟ್ಟಿನಿಂದಲೇ ಇಲ್ಲ. ಗದಗಿನಲ್ಲಿದ್ದಾಗ ‘ಯಾವುದಾದ್ರೂ ನಡೀತದರಿ’ ಎನ್ನುತ್ತಿದ್ದೆ; ನಾಶಿಕಕ್ಕೆ ಬಂದು ವಿಮಾನದ ಕಾರ್ಖಾನೆ ಸೇರಿದ ಮೇಲೆ ಅದೇ ಮಾತು ‘ಚಾಲೇಲ್’ ಎಂದು ಮರಾಠಿಯ ಅಂಗಿ ತೊಟ್ಟುಕೊಂಡಿತು. ಒಳಗೊಳಗೇ ಚಹಾದ ಬಯಕೆ ಕುದಿಯುತ್ತಿದ್ದರೂ ಮುಂದೆ ಬಂದ ಕಾಫಿಯನ್ನು ಸ್ಥಿತಪ್ರಜ್ಞನಂತೆ ಕುಡಿದು, ನನ್ನ ಸೌಜನ್ಯಕ್ಕೆ ನಾನೇ ತಲೆದೂಗಿದ್ದೇನೆ. ಇದು ಅಷ್ಟೇನೂ ದೊಡ್ಡ ಸದ್ಗುಣವಲ್ಲವೆಂದು ನನಗೆ ತಿಳಿಯಲು ಜರ್ಮನ್ ಭಾಷೆ ಬರಬೇಕಾಯಿತು.

ಮೂರು ತಿಂಗಳ ತರಬೇತಿಗೆಂದು ನನ್ನನ್ನು ಜರ್ಮನಿಗೆ ಕಳಿಸುವುದು ನಿಶ್ಚಯವಾಗಿತ್ತು. ನನ್ನ ಹೆಂಡತಿ ಸುಮಿತ್ರಾ ಬ್ಯಾಂಕಿನ ನೌಕರಿಯವಳು. ಎರಡು ವರ್ಷದ ಹಿಂದೆ ಸಂಭಾಜಿನಗರಕ್ಕೆ ವರ್ಗವಾಗಿ ಅಲ್ಲೇ ಮನೆ ಮಾಡಿದ್ದಳು. ಮೊದಮೊದಲು ಪ್ರತಿ ಶನಿವಾರ ನಾಶಿಕಕ್ಕೆ ಬರುತ್ತಿದ್ದವಳು ಆಮೇಲೆ ತಿಂಗಳಿಗೊಮ್ಮೆ ಬಂದಳು, ಈಚೆಗೆ ಅದೂ ನಿಂತಿತ್ತು. ‘ಬ್ಯಾಂಕಿನಾಗ ಕೆಲಸ ಭಾಳ’ ಎನ್ನುತ್ತಿದ್ದಳು; ನಾನೇ ಬಸ್ಸು ಹಿಡಿದು ಹೋಗುತ್ತಿದ್ದೆ. ಜರ್ಮನಿಗೆ ಮಾತ್ರ ರಜೆ ಹಾಕಿ ಬರುವೆನೆಂದಳು. ಮೂರು ತಿಂಗಳು ಒಂದೇ ಸೂರಿನ ಕೆಳಗೆ ಇರುತ್ತೇವೆಂಬ ಸಂತೋಷದ ಮುಂದೆ ವಿದೇಶಯಾತ್ರೆಯ ಸಂಭ್ರಮ ನನಗೆ ಗೌಣವಾಗಿತ್ತು.

ಅಲ್ಲಿ ಬಾಡಿಗೆಗೆ ಮನೆ ಕೊಡುವಾಕೆಗೆ ಇ-ಮೇಲ್ ಬರೆದೆ. ಆಕೆಯ ಬಳಿ ಎರಡು ಮನೆಗಳು ಖಾಲಿಯಿದ್ದವು: ಒಂದು ನೆಲಮಹಡಿಯಲ್ಲಿ, ಹಿತ್ತಲಿಗೆ ಮುಖಮಾಡಿದ್ದು, ಇನ್ನೊಂದು ಮೂರನೇ ಮಹಡಿಯಲ್ಲಿ, ಕಿಟಕಿಯಿಂದ ಊರೆಲ್ಲ ಕಾಣುವಂಥದ್ದು. ನಿಮಗೆ ಯಾವುದು ಇಷ್ಟವೆಂದು ಕೇಳಿದ್ದಳು. ನಾನು ನಿಘಂಟು ತಡಕಾಡಿ, ನನ್ನ ‘ಚಾಲೇಲ್’ಗೆ ಸರಿಸಮಾನವೆಂದು ತೋರಿದ ‘ಎಸ್ ಇಸ್ಟ್ ಮಿರ್ ಎಗಾಲ್’ ಎಂಬ ವಾಕ್ಯವನ್ನು ಕಳಿಸಿ ಧನ್ಯನಾದೆ. ಮರುದಿನ ಒಣ ಉತ್ತರ ಬಂತು: ಹಾಗಾದರೆ ಮೇಲಿನದು ನಿಮಗೆ, ಬದಲಾಯಿಸುವುದಿದ್ದರೆ ಸೋಮವಾರದೊಳಗೆ ತಿಳಿಸಿ.

ಪಂಚವಟಿಯಲ್ಲಿ ನನಗೆ ಜರ್ಮನ್ ಕಲಿಸುವ ಮೇಡಂ ಇದನ್ನು ಓದಿ ಹಣೆ ಹಿಡಿದುಕೊಂಡರು. ನನ್ನ ವಾಕ್ಯ ಅಲ್ಲಿನವರ ಕಿವಿಗೆ ‘ಏನಾದರೂ ಮಾಡಿಕೊಳ್ಳಿ, ನನಗೇನು’ ಎಂಬಂತೆ ಕೇಳಿಸುತ್ತದಂತೆ. ಬೇಕಾದ್ದನ್ನು ಮೆತ್ತಗೆ ಹೇಳುವುದೇ ಅಲ್ಲಿಯ ಮರ್ಯಾದೆ: ‘ಇಶ್ ಹೆಟ್ಟೆ ಲೀಬರ್’, ಅಂದರೆ ‘ನನಗೆ ಇದಾಗಿದ್ದರೆ ಹೆಚ್ಚು ಹಿತ’. ಆಸೆಯನ್ನು ‘ಆಗಿದ್ದರೆ’ ಎಂಬ ತೆಳು ಪರದೆಯ ಹಿಂದೆ ನಿಲ್ಲಿಸಿ ತೋರಿಸುವ ಈ ವ್ಯಾಕರಣಕ್ಕೆ ನಾನು ಮಾರುಹೋದೆ. ಆಸೆಯೇ ಇಲ್ಲವೆಂದು ಸುಳ್ಳು ಹೇಳಿ, ಎದುರಿನವರೇ ಊಹಿಸಿಕೊಳ್ಳಲಿ ಎಂದು ಕಾಯುವ ನನ್ನ ವಿನಯ ಹೆಚ್ಚೋ, ಇದು ಹೆಚ್ಚೋ, ನೀವೇ ಹೇಳಿ.

ಆ ಶನಿವಾರ ಸಂಭಾಜಿನಗರದ ಬಸ್ಸಿನಲ್ಲಿ ಕೂತು, ನಿಫಾಡದ ದ್ರಾಕ್ಷಿತೋಟಗಳು ಹಿಂದೆ ಸರಿಯುವವರೆಗೂ ‘ಹೆಟ್ಟೆ, ಹೆಟ್ಟೆ’ ಎಂದು ಜಪಿಸಿದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಮನೆ ತಲುಪಿದಾಗ ಸುಮಿತ್ರಾ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, ಹೊಸ ಪಾಠವನ್ನೂ ಒಪ್ಪಿಸಿದೆ.

“ಹಟಾ ಮಾಡ್ಲಿಕ್ಕೂ ಜರ್ಮನ್ ಕಲೀಬೇಕೇನ್ರಿ?” ಎಂದು ನಕ್ಕಳು.

ನಿನಗೆ ಯಾವ ಮನೆ ಇಷ್ಟ ಎಂದು ಕೇಳಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಐದು ಬಾಡಿಗೆ ಮನೆಗಳಾದ ಮೇಲೆ ಈ ಪ್ರಶ್ನೆ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

“ಯಾವ್ದಾದ್ರೂ ನಡೀತದ ತಗೋರಿ.”

“ನಡೀತದ ಅನಬ್ಯಾಡ. ಯಾವ್ದು ಬೇಕು, ಅದನ್ನ ಹೇಳು.”

ಅವಳು ಕೈಯಲ್ಲಿದ್ದ ಸೊಪ್ಪನ್ನು ಬದಿಗಿಟ್ಟಳು. “ಕೆಳಗಿಂದು,” ಎಂದಳು. “ಮೊಣಕಾಲು ಭಾಳ ನೋಯ್ತಾವ. ಮೆಟ್ಟಲಾ ಹತ್ತೋದು ಆಗಂಗಿಲ್ರಿ ನನಗ.”

“ಮೊದಲಽ ಯಾಕ ಹೇಳಲಿಲ್ಲ?”

“ನೀವು ಕೇಳಲಿಲ್ಲ. ನಾಶಿಕದ ಮನೀನೂ ಮೂರನೇ ಮಜಲಿನಾಗ ಅದಲ್ರೀ. ಬ್ಯಾಂಕಿನ ಕೆಲಸಕ್ಕ ಬರವಲ್ಲಳು ಅಂತ ನೀವು ನಂಬಿದ್ರಿ, ನಾನೂ ಹಂಗಽ ಬಿಟ್ಟೆ.”

ಲಿಫ್ಟಿಲ್ಲದ ಆ ಮನೆಗೆ ‘ಚಾಲೇಲ್’ ಎಂದು ಒಪ್ಪಿದವನು ನಾನೇ. ನಾಚಿಕೆಯೂ ದುಃಖವೂ ಒಟ್ಟಿಗೇ ಆಯಿತು. ಮೊದಲು ಜರ್ಮನಿಗೆ ಬರೆದು ನೆಲಮಹಡಿಯ ಮನೆ ಕೇಳಿದೆ, ‘ಹೆಟ್ಟೆ ಲೀಬರ್’ ಸಮೇತ. ಆಮೇಲೆ ನಾಶಿಕದ ಮನೆಯ ಮಾಲೀಕರಿಗೆ ಫೋನು ಮಾಡಿ, ಕೆಳಗಿನ ಮನೆ ಖಾಲಿಯಾಗುತ್ತಲೇ ನಮಗೇ ಬೇಕು ಎಂದೆ. ಇಷ್ಟು ವರ್ಷ ಮರಾಠಿ ಆಡಿದ್ದೇನೆ; ‘ಪಾಹಿಜೆ’, ಅಂದರೆ ‘ಬೇಕು’, ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ ಎಂದೂ ಆಡಿರಲಿಲ್ಲ.